ಹಳೆಯ ಹಾಡು, ಇಳಿದ ಶ್ರುತಿ

ಹಿರಿಯ ಗಾಯಕರ ಕಾರ್ಯಕ್ರಮ ಮುಗಿದ ಮೇಲೆ ವಾದ್ಯವೃಂದದವರ ಕಿವಿಗೆ ಬೀಳುವ ದೂರುಗಳು ಎರಡೇ. ‘ಕ್ಯಾಸೆಟ್ಟಿನಲ್ಲಿ ಇದ್ದಂತೆ ಇರಲಿಲ್ಲ’ ಎಂದು ಕೆಲವರು ಮುಖ ಸಿಂಡರಿಸುತ್ತಾರೆ. ‘ಎಷ್ಟು ವರ್ಷ ಅದನ್ನೇ ಹಾಡುವುದು’ ಎಂದು ಇನ್ನು ಕೆಲವರು ಗೊಣಗುತ್ತಾರೆ. ಕೀಬೋರ್ಡ್ ನುಡಿಸುತ್ತ, ವಾದ್ಯಸಂಯೋಜನೆ ಮಾಡುತ್ತ ಬಂದಿರುವ ನಾನು ಈ ಜಗಳದಲ್ಲಿ ತಟಸ್ಥನಲ್ಲ. ಹಾಡು ಬದಲಾಗಲೇಬೇಕು, ಆದರೆ ಬದಲಾವಣೆ ಗಾಯಕರ ಗಂಟಲಿನಿಂದ ಹೊರಡಬೇಕೇ ಹೊರತು ನನ್ನ ಕೀಬೋರ್ಡಿನಿಂದಲ್ಲ.

ಎಷ್ಟೋ ಸಲ ಬದಲಾಯಿಸುವುದು ಅನಿವಾರ್ಯವೇ ಆಗಿರುತ್ತದೆ. ವಯಸ್ಸಾದಂತೆ ಹೆಣ್ಣುಮಕ್ಕಳ ಧ್ವನಿ ಸಾಮಾನ್ಯವಾಗಿ ತಗ್ಗುತ್ತದೆ, ಉಸಿರು ಮೊಟಕಾಗುತ್ತದೆ. ಯೌವನದಲ್ಲಿ ಸಲೀಸಾಗಿ ಮುಟ್ಟುತ್ತಿದ್ದ ತಾರಸ್ಥಾಯಿಯ ಸ್ವರಕ್ಕೆ ಈಗ ತಿಣುಕಬೇಕು. ಆಗ ಶ್ರುತಿ ಇಳಿಸುತ್ತೇವೆ. ಅದು ನನ್ನ ಪಾಲಿಗೆ ಒಂದು ಗುಂಡಿ ಒತ್ತುವ ಕೆಲಸ, ಉಳಿದವರ ಪಾಲಿಗೆ ಅಲ್ಲ. ಕೊಳಲಿನವರು ಚೀಲದಿಂದ ಇನ್ನೂ ಉದ್ದನೆಯ ಕೊಳಲು ತೆಗೆಯಬೇಕು. ಅದರ ನಾದ ಗಂಭೀರ, ಆದರೆ ಚರಣಕ್ಕೆ ಮುಂಚಿನ ಚುರುಕಾದ ತುಣುಕು ಅದರಲ್ಲಿ ಮಂಕಾಗುತ್ತದೆ. ತಬಲಾದವರು ಬೇರೆ ತಬಲಾ ತರಬೇಕು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಮೇಲಿನ ಸ್ವರ ಕೈಗೆಟುಕಿದ ಕೂಡಲೇ ಕೆಳಗಿನದು ಕೈತಪ್ಪುತ್ತದೆ.

ಒಂದು ತಾಲೀಮಿನಲ್ಲಿ ಇದನ್ನು ಕಣ್ಣಾರೆ ಕಂಡೆ. ‘ಅಮ್ಮ, ಎರಡು ಮನೆ ಇಳಿಸೋಣವೇ?’ ಎಂದು ಹಿರಿಯ ಗಾಯಕಿಯೊಬ್ಬರನ್ನು ಕೇಳಿದೆ. (ಮನೆ ಎಂದರೆ ಕೀಬೋರ್ಡಿನಲ್ಲಿ ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರ.) ‘ಇಳಿಸಪ್ಪ. ಆದರೆ ಪಲ್ಲವಿಯ ಕೊನೆ ಎಲ್ಲಿಗೆ ಹೋಗಿ ಬೀಳುತ್ತದೆ ನೋಡು’ ಎಂದು ಹಾಡಿ ತೋರಿಸಿದರು. ಮಂದ್ರದ, ಅಂದರೆ ಕೆಳಸ್ಥಾಯಿಯ, ಪಂಚಮ ಬರೀ ಗಾಳಿಯಾಗಿತ್ತು. ಒಂದೇ ಮನೆ ಇಳಿಸಿದೆವು. ಚರಣದಲ್ಲಿ ಮೇಲಿನ ಗಾಂಧಾರಕ್ಕೆ ಏರುವ ಜಾಗ ಬಂದಾಗ ಅವರು ಏರಲಿಲ್ಲ. ಷಡ್ಜದಲ್ಲೇ ನಿಂತು ಆ ಪದವನ್ನು ಎರಡು ಸಲ ಹೇಳಿದರು, ಎರಡನೆಯ ಸಲ ತುಸು ತಡವಾಗಿ. ದೂರದವರನ್ನು ಕರೆಯುವಂತಿದ್ದ ಸಾಲು ಎದುರಿಗೆ ಕುಳಿತವರಿಗೆ ಹೇಳಿದಂತಾಯಿತು. ತಬಲಾದವರು ನನ್ನ ಕಡೆ ನೋಡಿ ತಲೆದೂಗಿದರು. ಮರುಸೃಷ್ಟಿ ಎಂದರೆ ನನಗೆ ಇಷ್ಟೇ.

ತಮ್ಮ ಹಾಡುಗಳನ್ನು ತಾವೇ ಬರೆದು ಹಾಡುವ ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರದು ಈ ಮಾತಿಗೆ ದೊಡ್ಡ ಉದಾಹರಣೆ. ಬದುಕನ್ನು ಎರಡೂ ಬದಿಯಿಂದ ಕಂಡೆ ಎನ್ನುವ ಅವರ ಪ್ರಸಿದ್ಧ ಗೀತೆಯನ್ನು 1969ರ ಆಲ್ಬಮ್ಮಿನಲ್ಲಿ ಗಿಟಾರ್ ಹಿಡಿದು ಎಳೆಯ, ಎತ್ತರದ ದನಿಯಲ್ಲಿ ಹಾಡಿದರು. ಅದನ್ನೇ 2000ದಲ್ಲಿ ದೊಡ್ಡ ವಾದ್ಯವೃಂದದೊಡನೆ, ತೀರಾ ತಗ್ಗಿದ ದನಿಯಲ್ಲಿ, ನಿಧಾನವಾಗಿ ಮತ್ತೆ ಧ್ವನಿಮುದ್ರಿಸಿದರು. 2024ರ ಗ್ರ್ಯಾಮಿ ವೇದಿಕೆಯಲ್ಲಿ ಎಂಬತ್ತರ ವಯಸ್ಸಿನಲ್ಲಿ ಕುರ್ಚಿಯಲ್ಲಿ ಕುಳಿತು ಹಾಡಿದ್ದೂ ಅದನ್ನೇ. ಎರಡನೆಯ ಮುದ್ರಿಕೆಯನ್ನು ಕೇಳಿದ ಮೇಲೆ, ಇಪ್ಪತ್ತೈದರ ಹುಡುಗಿಗೆ ಆ ಮಾತು ಹೇಗೆ ತಿಳಿದಿತ್ತು ಎಂದು ಅಚ್ಚರಿಯಾಗುತ್ತದೆ.

ಅಮೆರಿಕದ ಗಾಯಕ, ಗೀತರಚನಕಾರ ಬಾಬ್ ಡಿಲನ್ ಇನ್ನೊಂದು ತುದಿ. 1965ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಅವರು ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಸಭೆಯಲ್ಲಿ ಕೂಗಾಟವಾಯಿತು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಸಭಿಕನೊಬ್ಬ ಯೇಸುವಿಗೆ ಎರಡು ಬಗೆದ ಯೂದನ ಹೆಸರಿಟ್ಟು ಅವರನ್ನು ಜರೆದ. ಅವರು ಜಗ್ಗಲಿಲ್ಲ. ಆಮೇಲಿನ ಕಛೇರಿಗಳಲ್ಲಿ ಅರ್ಧ ಚರಣ ಮುಗಿದರೂ ಯಾವ ಹಾಡೆಂದು ಜನರಿಗೆ ಗೊತ್ತಾಗದಷ್ಟು ಧಾಟಿ ಬದಲಿಸಿದ್ದುಂಟು. ಅಷ್ಟು ದೂರ ಹೋಗಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಸಾಹಿತ್ಯ, ಧಾಟಿ ಎರಡೂ ಅವರದೇ, ಕೇಳುವವರಾರು?

ನಮ್ಮಲ್ಲಿ ಕೇಳುವವರಿದ್ದಾರೆ. ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. 2017ರಲ್ಲಿ ತಮ್ಮ ಹಾಡುಗಳನ್ನು ಅನುಮತಿ ಇಲ್ಲದೆ ಹಾಡಬಾರದೆಂದು ಇಳಯರಾಜಾ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ವಕೀಲರ ನೋಟಿಸ್ ಕಳುಹಿಸಿದ್ದು ನೆನಪಿರಬಹುದು. ಅದು ಹಕ್ಕುಸ್ವಾಮ್ಯದ ಜಗಳ ನಿಜ, ಆದರೂ ಹಿನ್ನೆಲೆ ಗಾಯಕರ ಸ್ವಾತಂತ್ರ್ಯಕ್ಕೆ ಬೇರೆಯವರ ಬೇಲಿ ಇದೆ ಎಂಬುದನ್ನು ಅದು ಎಲ್ಲರಿಗೂ ತೋರಿಸಿತು. ಎಸ್‌ಪಿಬಿ ಆ ಬೇಲಿಯೊಳಗೇ ಆಡಿದವರು. ಪಲ್ಲವಿಯ ಮೂಲ ನಡೆಯನ್ನು ಕೆಡಿಸದೆ, ಸಾಲಿನ ತುದಿಯಲ್ಲೊಂದು ನಗು, ಒಂದು ಸಣ್ಣ ತಿರುವು ಸೇರಿಸುತ್ತಿದ್ದರು.

ಶಾಸ್ತ್ರೀಯ ಕಛೇರಿಯಲ್ಲಿ ಇದೇ ಶ್ರೋತೃಗಳು ಬೇರೆ ಜನವಾಗಿಬಿಡುತ್ತಾರೆ. ಅದೇ ಕೃತಿಗೆ ಕಳೆದ ವರ್ಷದ ನೆರವಲನ್ನೇ (ಒಂದು ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು) ಮತ್ತೆ ಹಾಡಿದರೆ ವಿದ್ವಾಂಸರಿಗೆ ಮನೋಧರ್ಮವಿಲ್ಲ, ಸ್ವಂತ ಕಲ್ಪನೆಯಿಲ್ಲ ಎನ್ನುತ್ತಾರೆ. ಸಿನಿಮಾ ಹಾಡಿನಲ್ಲಿ ಒಂದು ಗಮಕ ಬದಲಾದರೆ ಅಪಚಾರ. ಕೃತಿಗೆ ಪಾಠಾಂತರಗಳಿವೆ, ಇದೇ ಅಸಲು ಎನ್ನಲು ಒಂದೇ ಮುದ್ರಿಕೆ ಇಲ್ಲ. ಸಿನಿಮಾ ಹಾಡಿಗೆ ಇದೆ. ಭಾವಗೀತೆಗೂ ಹಾಗಾದದ್ದು 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ನಂತರ ಧ್ವನಿಸುರುಳಿಗಳು ಮನೆಮನೆಗೆ ಬಂದ ಮೇಲೆ. ಅದೇ ಕವಿತೆಗೆ ಬೇರೆ ಬೇರೆ ಧಾಟಿಗಳಿರುವುದು ನಮಗೆ ಹೊಸದೇನಲ್ಲ. ನಾಡಗೀತೆಯ ವಿಷಯದಲ್ಲಂತೂ ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥ್ ಅವರದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರವೇ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು ಆದೇಶ ಹೊರಡಿಸಬೇಕಾಯಿತು. ನಾಡಗೀತೆಯನ್ನು ಎಲ್ಲರೂ ಒಟ್ಟಿಗೆ ಹಾಡಬೇಕಾದ್ದರಿಂದ ಅದು ಸರಿ. ಉಳಿದ ಹಾಡುಗಳಿಗೂ ನಾವು ಮನಸ್ಸಿನಲ್ಲೇ ಅಂಥ ಆದೇಶ ಹೊರಡಿಸಿಕೊಂಡಿದ್ದೇವೆ.

ಹಾಗೆಂದು ಕೇಳುಗರನ್ನು ಕಡೆಗಣಿಸಬೇಕಾಗಿಲ್ಲ. ಆರಂಭದ ವಾದ್ಯದ ತುಣುಕು, ಪಲ್ಲವಿಯ ಮೊದಲ ಸಾಲು ಇವೆರಡನ್ನು ನಾನು ಮುಟ್ಟುವುದಿಲ್ಲ. ಸಭೆ ಹಾಡನ್ನು ಗುರುತಿಸಿ ಚಪ್ಪಾಳೆ ತಟ್ಟುವುದು ಅಲ್ಲಿ. ಎರಡನೆಯ ಚರಣದ ಹೊತ್ತಿಗೆ ಜನ ಗಾಯಕರ ಜೊತೆ ಎಲ್ಲಿಗೆ ಬೇಕಾದರೂ ಬರುತ್ತಾರೆ. ನನಗೆ ಸಿಟ್ಟು ಬರಿಸುವುದು ಇನ್ನೊಂದು ಬಗೆಯ ‘ಹೊಸತನ’: ಧ್ವನಿ ದಣಿದಿರುವುದನ್ನು ಮುಚ್ಚಲು ಡ್ರಮ್ಸ್ ಏರಿಸುವುದು, ಭಾವಗೀತೆಗೆ ಕ್ಲಬ್ಬಿನ ತಾಳ ಹಾಕುವುದು. ಅದಕ್ಕಿಂತ ತಂಬೂರಿ, ತಬಲಾ ಎರಡೇ ಇಟ್ಟುಕೊಂಡು ಹಾಡುವುದು ಸಾವಿರ ಪಾಲು ವಾಸಿ.

ಈಚೆಗೆ ಇನ್ನೊಂದು ಕಾಟ ಸೇರಿಕೊಂಡಿದೆ. ವೇದಿಕೆಯ ಪರದೆಯ ಮೇಲಿನ ದೃಶ್ಯಕ್ಕೆ ಹೊಂದಲೆಂದು ಹಾಡಿನ ಅರ್ಧ ಭಾಗವನ್ನು ಮೊದಲೇ ಮುದ್ರಿಸಿದ ಟ್ರ್ಯಾಕಿನಲ್ಲಿ ಬಿಡುತ್ತಾರೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಗಾಯಕಿ ಒಂದು ಪದದ ಮೇಲೆ ಅರೆಗಳಿಗೆ ತಡೆದರೂ ಮುಂದಿನ ಸಾಲಿಗೆ ಓಡಬೇಕು. ಪರದೆಗೆ ಲಕ್ಷಗಟ್ಟಲೆ ಸುರಿಯುವ ಸಂಘಟಕರು ತಾಲೀಮಿಗೆ ಇನ್ನೊಂದು ದಿನ ಕೇಳಿದರೆ ಹೇಳುವುದು ಒಂದೇ ಮಾತು: ‘ಹಳೆಯ ಹಾಡುಗಳೇ ಅಲ್ಲವೇ ಸರ್, ಎಲ್ಲರಿಗೂ ಬರುತ್ತವಲ್ಲ?’