ಕಾರಿನ ಒಣಗಿದ ಲೆದರ್ ಸೀಟಿಗೆ ಯಾವ ಎಣ್ಣೆ ಹಚ್ಚಬೇಕು?

ಯಾವುದನ್ನೂ ಹಚ್ಚಬೇಡಿ. ಈ ಉತ್ತರ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ವಾರ ಕಳೆಯುವುದರೊಳಗೆ ಇನ್ನೊಬ್ಬರು "ಆಲಿವ್ ಎಣ್ಣೆ ಆಗಬಹುದಾ?" ಎನ್ನುತ್ತಾರೆ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಸೀಟಿನ ಮೇಲೆ ಕೈಯಾಡಿಸಿದಾಗ ನೀವು ಮುಟ್ಟುವುದು ತೊಗಲನ್ನಲ್ಲ, ಬಣ್ಣವನ್ನು. ಈಗಿನ ಹೆಚ್ಚಿನ ಕಾರುಗಳಲ್ಲಿ ತೊಗಲಿನ ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪನ ಇರುತ್ತದೆ. ಕೂದಲೆಳೆಯಷ್ಟೂ ದಪ್ಪ ಇರುವುದಿಲ್ಲ, ಆದರೂ ನೀರಿನ ಹನಿಯನ್ನು ಮೇಲೆಯೇ ನಿಲ್ಲಿಸುತ್ತದೆ. ಇನ್ನು ತೊಗಲಿಗೆ ಬೇಕಾದ ಜಿಡ್ಡು? ಅದನ್ನು ಹದ ಮಾಡುವಾಗಲೇ ಕೊಟ್ಟಿರುತ್ತಾರೆ. ಒದ್ದೆ ತೊಗಲನ್ನು ದೊಡ್ಡ ಡ್ರಮ್ಮಿನಲ್ಲಿ ಹಾಕಿ, ತಿರುಗಿಸಿ ತಿರುಗಿಸಿ ನಾರುನಾರಿಗೂ ಇಳಿಸಿರುತ್ತಾರೆ. ಆ ಕೆಲಸವನ್ನು ನೀವು ಬಣ್ಣದ ಮೇಲೆ ಬಟ್ಟೆ ತಿಕ್ಕಿ ಮಾಡುತ್ತೀರಾ? ಪೇಂಟ್ ಹೊಡೆದ ಬಾಗಿಲಿಗೆ ಎಣ್ಣೆ ಸವರಿ ಮರ ಮೆತ್ತಗಾಗಲಿ ಅಂದಹಾಗಾಯ್ತು.

"ಒಣಗಿಯೇ ಅಲ್ವಾ ಬಿರುಕು ಬಿಟ್ಟಿದ್ದು?" ಒಂದು ಸಲ ಸೀಟನ್ನೇ ನೋಡಿ. ಬಿರುಕು ಎಲ್ಲಿದೆ? ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬಿನಲ್ಲಿ. ಹತ್ತುವಾಗ ಇಳಿಯುವಾಗ ನೀವು ಉಜ್ಜುವ ಜಾಗವದು. ಅದೇ ಸೀಟಿನ ಇನ್ನೊಂದು ಬದಿಗೂ ಅಷ್ಟೇ ವಯಸ್ಸು, ಅದೇ ಗಾಳಿ, ಅದೇ ಬಿಸಿ. ಅದು ಚೆನ್ನಾಗಿಯೇ ಇದೆ! ಬಿರುಕಿರುವ ಕಡೆ ಲೇಪನ ಸವೆದಿದೆ, ಅಷ್ಟೇ. ಬೆವರು, ಮೈಜಿಡ್ಡು, ಸಣ್ಣ ಮರಳು ಸೇರಿ ತಿಂದಿವೆ. ಬಿಸಿಲೂ ಕೈಜೋಡಿಸಿದೆ.

ಎಣ್ಣೆ ಹಚ್ಚಿದ ದಿನ ಸೀಟು ಮಿರಿಮಿರಿ ಮಿಂಚುತ್ತದೆ, ಒಪ್ಪುತ್ತೇನೆ. ಬಿರುಕಿಗೆ ಜಿಡ್ಡು ತುಂಬಿ ಕಪ್ಪಾಗಿ ಮರೆಯಾಗುತ್ತದೆ. ಆಮೇಲೆ ಧೂಳು ಅಂಟುತ್ತದೆ, ಆ ಧೂಳೇ ಮರಳುಕಾಗದದ ಕೆಲಸ ಮಾಡುತ್ತದೆ. ಹೀಗೆ ಎಣ್ಣೆ ಕುಡಿದ ಒಂದು ಸೀಟಿಗೆ ನಾನು ಬಣ್ಣ ಹಚ್ಚಿದ್ದೆ. ಕೆಲವೇ ದಿನದಲ್ಲಿ ಹಾಳೆಯಂತೆ ಎದ್ದು ಬಂತು. ಜಿಡ್ಡು ತೆಗೆಯಲಿಕ್ಕೇ ಅರ್ಧ ದಿನ ಹೋಯಿತು.

ನಿಜವಾದ ರಿಪೇರಿ ಅಂದರೆ ಲೇಪನವನ್ನು ಮತ್ತೆ ಕಟ್ಟುವುದು. ಲೆದರ್ ಕ್ಲೀನರ್ ಮತ್ತು ಮೆತ್ತನೆ ಬ್ರಷ್‌ನಿಂದ ಕೊಳೆ ತೆಗೆಯಿರಿ. ಬಟ್ಟೆ ಸೋಪು ಬೇಡ, ಅದು ಕ್ಷಾರ, ತೊಗಲು ತುಸು ಆಮ್ಲದ ಗುಣದ್ದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಜಿಡ್ಡು ಒರೆಸಿ. 600 ಅಥವಾ 800 ನಂಬರಿನ ನಯವಾದ ಮರಳುಕಾಗದದಲ್ಲಿ ಹಗುರವಾಗಿ ಉಜ್ಜಿ. ಬಿರುಕಿಗೆ ಬಾಗುವ ಫಿಲ್ಲರ್ ತುಂಬಿ. ನಂತರ ನೀರಿನ ಆಧಾರದ ಲೆದರ್ ಬಣ್ಣ, ಸ್ಪಂಜಿನಲ್ಲಿ ತೆಳುವಾಗಿ, ಹಲವು ಸಲ. ಕೊನೆಗೆ ಟಾಪ್ ಕೋಟ್, ಅಂದರೆ ಬಣ್ಣವನ್ನು ಕಾಯುವ ಮೇಲ್ಪದರ. ಶೂ ಪಾಲಿಶ್ ಹಚ್ಚಿದರೆ ನಿಮ್ಮ ಪ್ಯಾಂಟಿಗೂ ಪಾಲಿಶ್ ಆಗುತ್ತದೆ.

ಮಾತು ಬಂತು, ಯಾರೂ ಕೇಳದ ಇನ್ನೊಂದು ಪ್ರಶ್ನೆ. ನಿಮ್ಮ ಸೀಟು ಪೂರ್ತಿ ಲೆದರೇನಾ? ಎಷ್ಟೋ ಕಾರುಗಳಲ್ಲಿ ಮೈ ತಾಗುವ ಕಡೆ ಮಾತ್ರ ಲೆದರ್. ಬದಿ, ಬೆನ್ನ ಹಿಂಭಾಗ ಎಲ್ಲ ವಿನೈಲ್, ಅಂದರೆ ಲೆದರಿನಂತೆ ಕಾಣುವ ಪ್ಲಾಸ್ಟಿಕ್. ವಾಸನೆ ನಂಬಬೇಡಿ, ವಾಸನೆಯನ್ನೂ ಬೆರೆಸುತ್ತಾರೆ. ಸೀಟಿನ ಕೆಳಗಿನ ಅಂಚನ್ನು ಮಡಚಿ ಒಳಮೈ ನೋಡಿ. ಜುಂಗುಜುಂಗಾದ ನಾರಿದ್ದರೆ ತೊಗಲು, ಹೆಣೆದ ಬಟ್ಟೆ ಕಂಡರೆ ಬಹುತೇಕ ವಿನೈಲ್. ಬಣ್ಣ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ, ಯಾಕಂದರೆ ವಿನೈಲ್‌ಗೆ ಕೆಲವು ಬಣ್ಣ ಮೊದಲು ಪ್ರೈಮರ್ ಎಂಬ ತಳಲೇಪ ಹಚ್ಚದೆ ಹಿಡಿಯುವುದಿಲ್ಲ.