ವಾಲೇಸರ ಲೇಖನ ನಿಮಗೆ ಹೇಗನ್ನಿಸಿತು?

1855ರ ಡಿಸೆಂಬರ್ 8. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಇಂಗ್ಲೆಂಡಿನಲ್ಲಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಮತ್ತೊಂದು ಪತ್ರ ಬರೆದ. ಆ ವರ್ಷ ಅವನು ಬರೆದ ಪತ್ರಗಳು ಒಂದಕ್ಕಿಂತ ಒಂದು ಉದ್ದ. ಒಂದು ಸಂಗತಿ ಹೇಳಲು ಹೊರಟರೆ ದಾರಿಯಲ್ಲಿ ಸಿಕ್ಕ ಹಸು, ಕೋಳಿ, ಬೆಕ್ಕು, ಒಂಟೆಗಳನ್ನೆಲ್ಲ ಮಾತಾಡಿಸಿಕೊಂಡೇ ಮುಂದೆ ಹೋಗುವ ಜಾಯಮಾನ ಅವನದು. ಈ ಪತ್ರದಲ್ಲಿ ಮಾತಿನ ನಡುವೆ ಒಂದು ಪ್ರಶ್ನೆ ಇತ್ತು: 'ವಾಲೇಸರ ಲೇಖನ ನಿಮಗೆ ಹೇಗನ್ನಿಸಿತು? ಒಟ್ಟಾರೆ ಚೆನ್ನಾಗಿದೆ!' ವಾಲೇಸ್ ಎಂದರೆ ಬೋರ್ನಿಯೋದಿಂದ ಆ ಲೇಖನ ಬರೆದ ನಿಸರ್ಗ ವಿಜ್ಞಾನಿ; ಅವನ ಕಥೆ ಮುಂದೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಪ್ರಭೇದಗಳು (ಸ್ಪೀಷೀಸ್) ಬದಲಾಗುವುದಿಲ್ಲ ಎಂಬ ನಿಮ್ಮ ನಂಬಿಕೆಯನ್ನು ಅದು ಸ್ವಲ್ಪವಾದರೂ ಅಲ್ಲಾಡಿಸಿತೆ?

ಅಲ್ಲಾಡಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ಒಂದು ಪ್ರಭೇದ ಇನ್ನೊಂದಾಗಿ ಮಾರ್ಪಡುತ್ತದೆಯೇ ಎಂದು ಡಾರ್ವಿನ್ ಗುಟ್ಟಾಗಿ ಟಿಪ್ಪಣಿ ಪುಸ್ತಕ ತೆರೆದು ಆಗಲೇ ಹದಿನೆಂಟು ವರ್ಷ ಕಳೆದಿತ್ತು. 1844ರಲ್ಲಿ ಒಂದು ದೊಡ್ಡ ಪ್ರಬಂಧವನ್ನೇ ಬರೆದು ಮುಚ್ಚಿಟ್ಟಿದ್ದ. ಬ್ಲೈತ್‌ಗೆ ಇದರ ಸುಳಿವು ಇರಲಿಲ್ಲ ಎನ್ನುವುದು ಅವನ ಪ್ರಶ್ನೆಯಿಂದಲೇ ತಿಳಿಯುತ್ತದೆ. ಯಾವ ವಾದಕ್ಕೆ ತಾನು ಇಟ್ಟಿಗೆ ಹೊರುತ್ತಿದ್ದೇನೆಂದು ತಿಳಿಯದೆಯೇ ಅವನು ತಿಂಗಳುಗಟ್ಟಲೆ ಇಟ್ಟಿಗೆ ಹೊತ್ತಿದ್ದ.

ಡಾರ್ವಿನ್ ಎಂದರೆ ನಮ್ಮ ಕಣ್ಣಮುಂದೆ ಬರುವುದು ಬೀಗಲ್ ಹಡಗು, ಗಲಾಪಗೋಸ್ ದ್ವೀಪ, ಅಲ್ಲಿನ ಹಕ್ಕಿಗಳ ಕೊಕ್ಕು. ಶಾಲೆಯ ಪುಸ್ತಕಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ 1836ರಲ್ಲಿ ಊರಿಗೆ ಮರಳಿದ ಮೇಲೆ ಆತ ಮತ್ತೆಂದೂ ಬ್ರಿಟನ್ ಬಿಟ್ಟು ಹೊರಗೆ ಹೋಗಲಿಲ್ಲ. ಲಂಡನ್ನಿನಿಂದ 25 ಕಿಲೋಮೀಟರ್ ದೂರದ ಡೌನ್ ಎಂಬ ಹಳ್ಳಿಯಲ್ಲಿ ಮನೆ ಕೊಂಡು, ಆಗಾಗ ಕೈಕೊಡುವ ಆರೋಗ್ಯವನ್ನು ಸಂಭಾಳಿಸುತ್ತ, ಜಗತ್ತನ್ನೇ ಅಂಚೆಯಲ್ಲಿ ಮನೆಗೆ ತರಿಸಿಕೊಂಡ. ಅವನು ಬರೆದ ಮತ್ತು ಅವನಿಗೆ ಬಂದ ಪತ್ರಗಳಲ್ಲಿ ಪತ್ತೆಯಾದವೇ 15,000ಕ್ಕೂ ಹೆಚ್ಚು. ಪತ್ರ ಬರೆದುಕೊಂಡವರು ಸುಮಾರು 2,000 ಮಂದಿ. ತೋಟಗಾರರು, ಪಾರಿವಾಳ ಸಾಕುವವರು, ಪಾದ್ರಿಗಳು, ದೂರದ ವಸಾಹತುಗಳ ಅಧಿಕಾರಿಗಳು, ಯಾರನ್ನೂ ಬಿಟ್ಟಿರಲಿಲ್ಲ. 'ತಮಗೆ ತೊಂದರೆ ಕೊಡುತ್ತಿದ್ದೇನೆ' ಎಂಬ ಧಾಟಿಯಲ್ಲಿ ಶುರುವಾಗುವ ಅವನ ಪತ್ರ ಮುಗಿಯುವ ಹೊತ್ತಿಗೆ ಎದುರಿನವರ ಮೇಲೆ ಹತ್ತು ಕೆಲಸ ಹೇರಿರುತ್ತಿತ್ತು.

ಉತ್ತರ ಬಂದ ಮೇಲೆ ಆತ ಮಾಡುತ್ತಿದ್ದುದನ್ನು ಕೇಳಿದರೆ ಇಂದಿನ ಇತಿಹಾಸಕಾರರಿಗೆ ಸಂಕಟವಾಗುತ್ತದೆ. ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಗೀಚಿ, ಎಷ್ಟೋ ಸಲ ಪತ್ರವನ್ನೇ ಕತ್ತರಿಸಿ ತುಂಡುಗಳನ್ನು ವಿಷಯವಾರು ಕಡತಗಳಿಗೆ ಹಾಕುತ್ತಿದ್ದ. ಪಾರಿವಾಳದ ಮಾತು ಒಂದು ಕಡತಕ್ಕೆ, ಬೀಜದ ಮಾತು ಇನ್ನೊಂದಕ್ಕೆ. ಅವನ ಮಟ್ಟಿಗೆ ಪತ್ರವೆಂದರೆ ಜೋಪಾನ ಮಾಡುವ ನೆನಪಲ್ಲ, ಅಡುಗೆಗೆ ಹೆಚ್ಚಿಕೊಳ್ಳುವ ತರಕಾರಿ.

ಕಲ್ಕತ್ತೆಯಿಂದ ಇಂಗ್ಲೆಂಡಿಗೆ ಟಪಾಲು ಮುಟ್ಟಲು ಐದಾರು ವಾರ ಹಿಡಿಯುತ್ತಿತ್ತು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ. ಹಡಗಿನಲ್ಲಿ ಸೂಯೆಜ್ ತಲುಪಿ, ಈಜಿಪ್ಟನ್ನು ನೆಲದ ಮೇಲೆ ದಾಟಿ, ಮತ್ತೆ ಹಡಗು ಹತ್ತಬೇಕು. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಮೂರು ತಿಂಗಳು.

ಈ ಬ್ಲೈತ್ ಯಾರು? ಲಂಡನ್ನಿನ ಟೂಟಿಂಗ್‌ನಲ್ಲಿ ಔಷಧಿ ಅಂಗಡಿ ಇಟ್ಟು, ಅಂಗಡಿಗಿಂತ ಹಕ್ಕಿಗಳ ಮೇಲೆಯೇ ಹೆಚ್ಚು ಗಮನವಿದ್ದುದರಿಂದ ನಷ್ಟ ಮಾಡಿಕೊಂಡವನು. 1841ರಲ್ಲಿ ಕಲ್ಕತ್ತೆಗೆ ಬಂದ. ವರ್ಷಕ್ಕೆ 250 ಪೌಂಡ್ ಸಂಬಳ. ಅದೂ ಇಪ್ಪತ್ತು ವರ್ಷ ಏರಲೇ ಇಲ್ಲ. ಆದರೆ ಭಾರತದ ಪ್ರಾಣಿಪಕ್ಷಿಗಳ ಬಗ್ಗೆ ಅವನಷ್ಟು ತಿಳಿದವರು ಆಗ ವಿರಳ. 1835ರಲ್ಲೇ, ಇಪ್ಪತ್ತನಾಲ್ಕರ ಹರೆಯದಲ್ಲಿ, ಪ್ರಾಣಿಗಳ ತಳಿಭೇದಗಳ ಕುರಿತು ಒಂದು ಲೇಖನ ಬರೆದಿದ್ದ. ಕಾಡಿನಲ್ಲಿ ಬಲಿಷ್ಠವಾದದ್ದು ಉಳಿಯುತ್ತದೆ, ಬಣ್ಣಗೆಟ್ಟು ವಿಚಿತ್ರವಾಗಿ ಹುಟ್ಟಿದ್ದು ಅಳಿಯುತ್ತದೆ ಎಂಬ ಮಾತು ಅದರಲ್ಲಿದೆ. ಇದನ್ನು ಮುಂದಿಟ್ಟುಕೊಂಡು ಡಾರ್ವಿನ್ ಇವನಿಂದಲೇ ಕದ್ದನೆಂದು ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಗದ್ದಲ ಎಬ್ಬಿಸಿದರು. ಆ ವಾದ ನಿಲ್ಲುವುದಿಲ್ಲ. ಬ್ಲೈತ್‌ನ ಪ್ರಕಾರ ಈ ಜರಡಿ ಪ್ರಭೇದವನ್ನು ಇದ್ದ ಹಾಗೆಯೇ ಕಾಯುತ್ತದೆ, ಅಂಕೆ ಮೀರಿದ್ದನ್ನು ತೆಗೆದುಹಾಕುತ್ತದೆ. ಡಾರ್ವಿನ್‌ನ ಪ್ರಕಾರ ಅದೇ ಜರಡಿ ಹೊಸದನ್ನು ರೂಪಿಸುತ್ತದೆ. ಒಂದೇ ಕತ್ತಿಯಾದರೂ ಒಬ್ಬ ಕಾವಲುಗಾರ, ಇನ್ನೊಬ್ಬ ಶಿಲ್ಪಿ.

ಈಗ ಆ ಪತ್ರಗಳಲ್ಲಿ ಏನಿತ್ತು ಎಂಬುದಕ್ಕೆ ಬರೋಣ. ಡಾರ್ವಿನ್‌ಗೆ ಬೇಕಿದ್ದುದು ಸಾಕುಪ್ರಾಣಿಗಳ ವಂಶಾವಳಿ. ಕಾರಣ ಸರಳ. ಇಷ್ಟೊಂದು ತಳಿಗಳು ಒಂದೇ ಕಾಡುಪ್ರಾಣಿಯಿಂದ ಬಂದಿದ್ದರೆ, ಮನುಷ್ಯನ ಆಯ್ಕೆಗೆ ಭಾರೀ ಶಕ್ತಿಯಿದೆ ಎಂದಾಯಿತು; ಮನುಷ್ಯನಿಗೆ ಸಾಧ್ಯವಾದದ್ದು ನಿಸರ್ಗಕ್ಕೆ ಏಕೆ ಸಾಧ್ಯವಾಗದು ಎಂದು ಮುಂದುವರಿಯಬಹುದು. ಒಂದೊಂದು ತಳಿಗೂ ಬೇರೆ ಬೇರೆ ಕಾಡು ಪೂರ್ವಜನಿದ್ದರೆ ವಾದ ಬಿದ್ದುಹೋಗುತ್ತದೆ. ಹಾಗಾಗಿ ಒಂದೊಂದು ಪ್ರಾಣಿಯನ್ನೂ ಬೇರೆಬೇರೆಯಾಗಿ ವಿಚಾರಿಸಬೇಕಿತ್ತು.

ದನಗಳ ವಿಷಯದಲ್ಲಿ ಬ್ಲೈತ್ ಕೊಟ್ಟ ಉತ್ತರ ಡಾರ್ವಿನ್‌ಗೆ ಅನುಕೂಲದ್ದಲ್ಲ. ನಮ್ಮ ಹಳ್ಳಿಕಾರ್, ಅಮೃತಮಹಲ್ ಹೋರಿಗಳನ್ನು ನೋಡಿ: ಬೆನ್ನ ಮೇಲೆ ಹಿಣಿಲು, ಕತ್ತಿನ ಕೆಳಗೆ ತೂಗುವ ಗಂಗೆದೊಗಲು. ಯುರೋಪಿನ ದನಕ್ಕೆ ಹಿಣಿಲಿಲ್ಲ. ಹಿಣಿಲಿನ ಮಾತು ಹಾಗಿರಲಿ. ಈ ದನಗಳ ನಡವಳಿಕೆ, ಕೂಗು, ಮೈಕಟ್ಟು ಎಲ್ಲವೂ ಬೇರೆ, ಆದ್ದರಿಂದ ಮೂಲವೂ ಬೇರೆಯೇ ಇರಬೇಕು ಎಂದ ಬ್ಲೈತ್. ಡಾರ್ವಿನ್ ಒಪ್ಪಿದ. 1859ರ ತನ್ನ 'ಆರಿಜಿನ್ ಆಫ್ ಸ್ಪೀಷೀಸ್' ಗ್ರಂಥದ ಮೊದಲ ಅಧ್ಯಾಯದಲ್ಲೇ ಬ್ಲೈತ್‌ನ ಹೆಸರು ಹೇಳಿ, ಭಾರತದ ಹಿಣಿಲಿನ ದನ ಯುರೋಪಿನ ದನಕ್ಕಿಂತ ಭಿನ್ನ ಮೂಲದ್ದೆಂದು ತನಗೆ ತೋರುತ್ತದೆ ಎಂದು ಬರೆದ. 1990ರ ದಶಕದಲ್ಲಿ ಎರಡೂ ಬಗೆಯ ದನಗಳ ಮೈಟೊಕಾಂಡ್ರಿಯಾದ ಡಿಎನ್ಎ (ತಾಯಿಯಿಂದ ಮಕ್ಕಳಿಗೆ ಬರುವಂಥದು) ಹೋಲಿಸಿದಾಗ, ಮನುಷ್ಯ ದನ ಸಾಕಲು ತೊಡಗುವ ಲಕ್ಷಾಂತರ ವರ್ಷ ಮೊದಲೇ ಅವುಗಳ ವಂಶ ಕವಲೊಡೆದಿತ್ತೆಂದು ಗೊತ್ತಾಯಿತು. ನಮ್ಮ ದನವನ್ನು ಪಳಗಿಸಿದ್ದು ಸಿಂಧೂ ಬಯಲಿನ ಸುತ್ತಮುತ್ತ, ಬೇರೆಯಾಗಿಯೇ. ಹಸುವಿನ ಕೂಗು ಕೇಳಿ ಹೇಳಿದ ಮಾತು ಡಿಎನ್ಎ ಕಾಲದಲ್ಲೂ ನಿಂತಿದೆ.

ಕೋಳಿಯ ವಿಷಯದಲ್ಲಿ ಕಥೆ ಇಷ್ಟು ಚೊಕ್ಕವಾಗಿಲ್ಲ. ಸಾಕುಕೋಳಿಗಳೆಲ್ಲ ಒಂದೇ ಕೆಂಪು ಕಾಡುಕೋಳಿಯ ಸಂತತಿ ಎಂದು ಬ್ಲೈತ್ ಹೇಳಿದ. ಈ ವಿಷಯದಲ್ಲಿ ಬೇರೆ ಬಹುತೇಕ ಎಲ್ಲರ ಅಭಿಪ್ರಾಯಕ್ಕಿಂತಲೂ ಅವನದಕ್ಕೆ ತಾನು ಹೆಚ್ಚು ಬೆಲೆ ಕೊಡುತ್ತೇನೆಂದು ಡಾರ್ವಿನ್ ಬರೆದ. ಬಹುಮಟ್ಟಿಗೆ ಅದು ಸರಿ. ಆದರೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಕುಕೋಳಿಯ ಚರ್ಮ ಮತ್ತು ಕಾಲಿಗೆ ಹಳದಿ ಬಣ್ಣ ಕೊಡುವ ಜೀನ್ ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯದು ಎಂದು ತೋರಿಸಿತು. ಮಲೆನಾಡಿನ ಕಾಡಂಚಿನಲ್ಲಿ ಬೆಳಗಿನ ಜಾವ ಕೂಗುವುದು ಇದೇ ಹಕ್ಕಿ. ಡಾರ್ವಿನ್ ಇದನ್ನು ಪೂರ್ವಜರ ಪಟ್ಟಿಯಿಂದ ಹೊರಗಿಟ್ಟಿದ್ದ. ಕೂಗು ಬೇರೆ, ಸಾಕುಕೋಳಿಯೊಡನೆ ಕೂಡಿ ಹುಟ್ಟಿದ ಮರಿಗಳು ಹೆಚ್ಚಾಗಿ ಬಂಜೆ ಎಂಬ ಕಾರಣಕ್ಕೆ. ಯಾವ ಕಾಲದಲ್ಲೋ ಯಾವುದೋ ಊರಿನ ಹಿತ್ತಲಲ್ಲಿ ಬಂಜೆಯಾಗದ ಒಂದೆರಡು ಮರಿಗಳು ಹುಟ್ಟಿರಬೇಕು. ಕೋಳಿ ಅಂಗಡಿಯಲ್ಲಿ ಹಳದಿ ಕಾಲು ಕಂಡಾಗಲೆಲ್ಲ ನನಗೆ ಡಾರ್ವಿನ್‌ಗೊಂದು ಪತ್ರ ಹಾಕಬೇಕೆನಿಸುತ್ತದೆ.

ದನ ಕೈಕೊಟ್ಟಿತು. ಉಳಿದದ್ದು ಪಾರಿವಾಳ. ಅದಕ್ಕಾಗಿ ಡಾರ್ವಿನ್ ಬರೆದುಕೊಂಡದ್ದು ಮದರಾಸಿಗೆ, ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಗೆ.

ಕಿತ್ತೂರಿನ ಚರಿತ್ರೆ ಓದಿದವರಿಗೆ ಈ ಹೆಸರು ಎಲ್ಲೋ ಕೇಳಿದಂತಿರಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನ ಕೈಕೆಳಗಿನ ಇಬ್ಬರು ಬಿಳಿ ಅಧಿಕಾರಿಗಳು ಚೆನ್ನಮ್ಮನ ಸೆರೆಯಾದರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ ಇಪ್ಪತ್ತೊಂದು ವರ್ಷದ ಎಲಿಯಟ್. ಚೆನ್ನಮ್ಮ ಒತ್ತೆಯಾಳುಗಳನ್ನು ಜೀವಂತ ಬಿಟ್ಟಳು. ಹಾಗೆ ಬದುಕಿದ ಎಲಿಯಟ್ ಮುಂದೆ ಧಾರವಾಡದ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದು ನೂರಾರು ಶಾಸನಗಳ ಪ್ರತಿ ಮಾಡಿಸಿದ, ಚಾಲುಕ್ಯರ ಬಗ್ಗೆ ಬರೆದ, 1839ರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಪ್ರಾಣಿಗಳ ಊರ ಹೆಸರನ್ನೂ ಕೇಳಿ ಬರೆದಿಟ್ಟ. ಪೊದೆಗಳಲ್ಲಿ ಗೂಡು ಕಟ್ಟುವ ಒಂದು ಇಲಿಗೆ ಕನ್ನಡದವರು ಗುಲಂಡಿ ಎನ್ನುತ್ತಿದ್ದರು. ಅದು ಲ್ಯಾಟಿನ್ ವೇಷ ತೊಟ್ಟು 'ಗೊಲುಂಡಾ ಎಲಿಯೋಟಿ' ಆಗಿ ಇಂದಿಗೂ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿದೆ.

1855ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಮ್ಮೇಳನದಲ್ಲಿ ಡಾರ್ವಿನ್ ಇವನನ್ನು ಕಂಡು ಮಾತಾಡಿದ್ದ. 1856ರ ಜನವರಿ 23ರಂದು ಬರೆದ ಪತ್ರದಲ್ಲಿ ಕೋರಿಕೆ ಬಂತು: ನಿಮ್ಮ ಕಡೆಯ ಸಾಕು ಹಕ್ಕಿಗಳ, ಅದರಲ್ಲೂ ಕೋಳಿ ಮತ್ತು ಪಾರಿವಾಳಗಳ ಚರ್ಮ ಕಳಿಸಬಹುದೆ? ಎಲಿಯಟ್ ಕಳಿಸಿದ. ಜೊತೆಗೆ, ಹದಿನೆಂಟನೆಯ ಶತಮಾನದ ಸಯ್ಯದ್ ಮೊಹಮ್ಮದ್ ಮುಸಾರಿ ಎಂಬಾತ ಪಾರಿವಾಳಗಳ ಬಗ್ಗೆ ಪಾರಸಿಯಲ್ಲಿ ಬರೆದಿದ್ದ ಗ್ರಂಥದ ಅನುವಾದವನ್ನೂ ಒದಗಿಸಿದ. ಲೋಟನ್ ಎಂಬ ಭಾರತದ ತಳಿಯ ವಿಚಾರ ಡಾರ್ವಿನ್‌ನನ್ನು ಬಹಳ ಸೆಳೆಯಿತು. ಅದನ್ನು ತುಸು ಅಲುಗಾಡಿಸಿ ನೆಲಕ್ಕೆ ಬಿಟ್ಟರೆ ಸಾಕು, ತಲೆಕೆಳಗಾಗಿ ಲಾಗ ಹಾಕುತ್ತಲೇ ಇರುತ್ತದೆ. ಎತ್ತಿಕೊಂಡು ಮುಖಕ್ಕೆ ಉಫ್ ಎಂದು ಊದಿದ ಮೇಲೆಯೇ ನಿಲ್ಲುತ್ತದೆ. ಅಕ್ಬರನ ಬಿಡಾರ ಹೊರಟರೆ 20,000 ಪಾರಿವಾಳಗಳು ಜೊತೆಗೆ ಹೊರಡುತ್ತಿದ್ದವೆಂಬ ಮಾತನ್ನೂ ಆತ ಗ್ರಂಥಕ್ಕೆ ಸೇರಿಸಿಕೊಂಡ.

ಅಷ್ಟರಲ್ಲಿ ಡಾರ್ವಿನ್ ತಾನೇ ಹಿತ್ತಲಲ್ಲಿ ಪಾರಿವಾಳ ಸಾಕಲು ತೊಡಗಿದ್ದ. ಕಾಡಿನ ಬಂಡೆ ಪಾರಿವಾಳಕ್ಕೆ ಬಾಲದಲ್ಲಿ ಹನ್ನೆರಡು ಗರಿ. ಬೀಸಣಿಗೆ ಬಾಲದ ತಳಿಗೆ ಮೂವತ್ತು, ನಲವತ್ತು. ಬಿಳಿಯ ಬೀಸಣಿಗೆ ಬಾಲವನ್ನು ಬೇರೊಂದು ಕಪ್ಪು ತಳಿಯೊಡನೆ ಕೂಡಿಸಿ, ಹುಟ್ಟಿದ ಮಚ್ಚೆಮಚ್ಚೆ ಮರಿಗಳನ್ನು ಮತ್ತೆ ತಮ್ಮೊಳಗೇ ಕೂಡಿಸಿದ. ಮೊಮ್ಮಕ್ಕಳಲ್ಲಿ ಒಂದು ನೀಲಿ ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ ಹೊತ್ತು, ಥೇಟ್ ಬಂಡೆ ಪಾರಿವಾಳದಂತೆ ಹುಟ್ಟಿತು. ತಾತ ಮುತ್ತಾತ ಯಾರಿಗೂ ಕಾಣದ ಬಣ್ಣ ಎಲ್ಲಿಂದ ಬಂತು? ಎಲ್ಲ ತಳಿಗಳ ಮೂಲಪುರುಷ ಒಬ್ಬನೇ ಆಗಿದ್ದರೆ ಮಾತ್ರ ಅದಕ್ಕೆ ಅರ್ಥ. ನಮ್ಮ ಗುಡಿ ಗೋಪುರಗಳಲ್ಲಿ ಕೂರುವ ಪಾರಿವಾಳ ಆ ಮೂಲಪುರುಷನದೇ ಭಾರತೀಯ ಕವಲು. ಬೆನ್ನ ಕೆಳಭಾಗ ಯುರೋಪಿನದರಂತೆ ಬಿಳಿಯಲ್ಲ, ನೀಲಿ ಎಂಬುದಷ್ಟೇ ವ್ಯತ್ಯಾಸ. ಪಾರಿವಾಳದ ಚರ್ಮ ಕಳಿಸಿದವರಲ್ಲಿ ಎಲಿಯಟ್‌ನ ಹೆಸರನ್ನು ಡಾರ್ವಿನ್ ಮೊದಲು ನೆನೆದಿದ್ದಾನೆ.

ನೆನೆಯದೆ ಬಿಟ್ಟವರೂ ಇದ್ದಾರೆ. ಆ ತಳಿಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಪಾರಿವಾಳದ ಷೋಕಿಗಳು, ಗುಲಂಡಿಯ ಹೆಸರು ಹೇಳಿಕೊಟ್ಟ ಹಳ್ಳಿಗರು, ಎತ್ತಿನ ಕಟ್ಟುಮಸ್ತು ಕಣ್ಣಳತೆಯಲ್ಲೇ ಹೇಳುವ ರೈತರು. ಪತ್ರದ ಕೆಳಗೆ ಸಹಿ ಹಾಕಿದವನು ಸಾಹೇಬ. ಒಳಗಿನ ತಿಳಿವಳಿಕೆ ಎಲ್ಲವೂ ಅವನದಾಗಿರಲಿಲ್ಲ.

ಇನ್ನು ವಾಲೇಸ್. ಬ್ಲೈತ್ ಕೇಳಿದ ಆ ಲೇಖನವನ್ನು ಆಲ್ಫ್ರೆಡ್ ರಸೆಲ್ ವಾಲೇಸ್ ಬೋರ್ನಿಯೋದ ಸಾರವಾಕ್‌ನಲ್ಲಿ ಕುಳಿತು ಬರೆದಿದ್ದ. ಪ್ರತಿ ಪ್ರಭೇದವೂ ತನಗೆ ಹತ್ತಿರದ ಇನ್ನೊಂದು ಪ್ರಭೇದವಿದ್ದ ಜಾಗದಲ್ಲೇ, ಅದು ಇದ್ದ ಕಾಲದಲ್ಲೇ ಕಾಣಿಸಿಕೊಳ್ಳುತ್ತದೆ ಎಂಬುದು ಅದರ ತಿರುಳು. ಬ್ಲೈತ್ ಮೆಚ್ಚಿಕೊಂಡರೂ ತಕರಾರು ತೆಗೆದಿದ್ದ: ಹಾಗಾದರೆ ಜಿರಾಫೆಯ ಕಥೆ ಏನು? ಅದರ ಬಂಧುಗಳ ಮೂಳೆಗಳು ನಮ್ಮ ಶಿವಾಲಿಕ್ ಬೆಟ್ಟಗಳ ಬಂಡೆಗಳಲ್ಲಿ ಸಿಗುತ್ತವಲ್ಲ! ಡಾರ್ವಿನ್ ಮಾತ್ರ ತನ್ನ ಪ್ರತಿಯಲ್ಲಿ 'ಅಂಥ ಹೊಸದೇನೂ ಇಲ್ಲ' ಎಂದು ಗೀಚಿದ. ಅತ್ತ ವಾಲೇಸ್, ಡಾರ್ವಿನ್‌ಗೂ ಸಾಕು ಹಕ್ಕಿಗಳನ್ನು ಒದಗಿಸುತ್ತಿದ್ದ. 1856ರಲ್ಲಿ ಲೊಂಬೊಕ್ ದ್ವೀಪದಿಂದ ತನ್ನ ಏಜೆಂಟನಿಗೆ ಕಳಿಸಿದ ಸರಕಿನಲ್ಲಿ 'ಈ ಸಾಕು ಬಾತು ಡಾರ್ವಿನ್ನರಿಗೆ' ಎಂಬ ಸೂಚನೆ ಇತ್ತು.

ಲೇಖನ ಬಂದು ಎರಡು ವರ್ಷವಾದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ವಾಲೇಸ್ ಬೇಸರಗೊಂಡ. 1857ರ ಡಿಸೆಂಬರ್ 22ರಂದು ಡಾರ್ವಿನ್ ಸಮಾಧಾನ ಹೇಳಿದ: ಹಾಗೇನಿಲ್ಲ, ಭೂವಿಜ್ಞಾನಿ ಚಾರ್ಲ್ಸ್ ಲಯಲ್ ಮತ್ತು ಕಲ್ಕತ್ತೆಯ ಬ್ಲೈತ್, ಇಬ್ಬರು ಯೋಗ್ಯರು, ನಿಮ್ಮ ಲೇಖನ ನೋಡು ಎಂದು ನನಗೆ ಒತ್ತಿ ಹೇಳಿದ್ದಾರೆ.

ಒಳ್ಳೆಯ ಮನಸ್ಸಿನಿಂದ ಬರೆದ ಈ ಸಾಲು ಡಾರ್ವಿನ್‌ಗೇ ತಿರುಗಿತು. ಮರುವರ್ಷ ಟರ್ನೇಟ್ ದ್ವೀಪದಿಂದ ವಾಲೇಸ್ ಹೊಸ ಪ್ರಬಂಧವೊಂದನ್ನು ಬರೆದಾಗ ನೇರವಾಗಿ ಪತ್ರಿಕೆಗೆ ಕಳಿಸಲಿಲ್ಲ. ಡಾರ್ವಿನ್‌ಗೆ ಕಳಿಸಿ, ಯೋಗ್ಯವೆನಿಸಿದರೆ ಲಯಲ್ಲರಿಗೆ ತೋರಿಸಿ ಎಂದ. 1858ರ ಜೂನ್ 18ರಂದು ಲಕೋಟೆ ಒಡೆದ ಡಾರ್ವಿನ್‌ಗೆ ಕಂಡದ್ದು ತನ್ನದೇ ಸಿದ್ಧಾಂತ, ಬೇರೊಬ್ಬನ ಅಕ್ಷರದಲ್ಲಿ. 'ನನ್ನ ಸ್ವಂತಿಕೆಯೆಲ್ಲ ನುಚ್ಚುನೂರಾಯಿತು' ಎಂದು ಲಯಲ್‌ಗೆ ಬರೆದ. ಡಾರ್ವಿನ್ ಮೊದಲಿಗನೆಂಬ ಹಕ್ಕನ್ನು ಉಳಿಸಿದ್ದರಲ್ಲೂ ಒಂದು ಪತ್ರದ ಪಾಲಿತ್ತು: ಹಿಂದಿನ ವರ್ಷ ಸೆಪ್ಟೆಂಬರ್ 5ರಂದು ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ನಿಸರ್ಗದ ಆಯ್ಕೆಯನ್ನು ವಿವರಿಸಿದ್ದ ಪತ್ರ. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ 1844ರ ಪ್ರಬಂಧದ ತುಣುಕು, ಈ ಪತ್ರದ ಭಾಗ, ಕೊನೆಗೆ ವಾಲೇಸ್‌ನ ಪ್ರಬಂಧ, ಮೂರನ್ನೂ ಓದಲಾಯಿತು. ಬರೆದ ಇಬ್ಬರೂ ಸಭೆಯಲ್ಲಿರಲಿಲ್ಲ. ವಾಲೇಸ್ ನ್ಯೂಗಿನಿಯಲ್ಲಿದ್ದ, ಡಾರ್ವಿನ್ ಮನೆಯಲ್ಲಿ ಮೂರು ದಿನದ ಹಿಂದಷ್ಟೇ ಕೈಗೂಸು ತೀರಿಹೋಗಿತ್ತು.

ಬ್ಲೈತ್ ಆಗ ಕಲ್ಕತ್ತೆಯಲ್ಲೇ ಇದ್ದ, ಹೆಂಡತಿಯನ್ನು ಕಳೆದುಕೊಂಡು, ಅದೇ ಸಂಬಳದಲ್ಲಿ. 1862ರಲ್ಲಿ ಕಾಯಿಲೆಯಾಗಿ ಊರಿಗೆ ಮರಳಿ, 1873ರಲ್ಲಿ ತೀರಿಕೊಂಡ. ಟರ್ನೇಟ್‌ನಿಂದ ವಾಲೇಸ್ ಬರೆದ ಪತ್ರ ಇಂದು ಎಲ್ಲೂ ಉಳಿದಿಲ್ಲ. ಬ್ಲೈತ್‌ನ ಪತ್ರಗಳು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ, ಡಾರ್ವಿನ್‌ನ ಪೆನ್ಸಿಲ್ ಗೆರೆಗಳ ಸಮೇತ.