ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾದರೆ ಕಲಿಕೆ ಸುಧಾರಿಸುತ್ತಾ?

ಓದುಗರ ಪ್ರಶ್ನೆ: ಒಂದೇ ತರಗತಿಯಲ್ಲಿ 45–50 ಮಕ್ಕಳಿರುತ್ತಾರೆ. ಇದನ್ನು 20ಕ್ಕೆ ಇಳಿಸಿದರೆ ಮಕ್ಕಳು ನಿಜವಾಗಿಯೂ ಚೆನ್ನಾಗಿ ಕಲಿಯುತ್ತಾರಾ? ಅಥವಾ ಸುಮ್ನೆ ಖರ್ಚಾ?

ಉತ್ತರ: ಚಿಕ್ಕ ಮಕ್ಕಳ ಮಟ್ಟಿಗೆ ಹೌದು, ಕಲಿಯುತ್ತಾರೆ. ಆದರೆ ತರಬೇತಿ ಪಡೆದ ಶಿಕ್ಷಕರು ಮೊದಲು ಸಿಗಬೇಕು, ತರಗತಿ ಒಡೆಯುವುದು ಆಮೇಲೆ.

ಅಮೆರಿಕದ ಟೆನೆಸಿ ರಾಜ್ಯ 1985ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿತು. ಯೋಜನೆಯ ಹೆಸರು ಸ್ಟಾರ್. ಶಿಶುವಿಹಾರದಿಂದ 3ನೇ ತರಗತಿವರೆಗೆ ನಾಲ್ಕು ವರ್ಷ, 11,000ಕ್ಕೂ ಜಾಸ್ತಿ ಮಕ್ಕಳು. ಕೆಲವು ತರಗತಿಗಳಲ್ಲಿ 13ರಿಂದ 17 ಮಕ್ಕಳು, ಉಳಿದವುಗಳಲ್ಲಿ 22ರಿಂದ 25. ಯಾರು ಎಲ್ಲಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಸಣ್ಣ ತರಗತಿಯ ಮಕ್ಕಳು ಓದಿನಲ್ಲೂ ಗಣಿತದಲ್ಲೂ ಮುಂದೆ ಬಂದರು. ಬಡ ಮಕ್ಕಳಿಗೆ, ಕಪ್ಪು ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ಕೆಲವು ದೊಡ್ಡ ತರಗತಿಗಳಿಗೆ ಒಬ್ಬ ಸಹಾಯಕರನ್ನೂ ಕೊಟ್ಟಿದ್ದರು. ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಸಣ್ಣ ತರಗತಿಯಿಂದ ಲಾಭ ಯಾಕೆ? ಒಂದು ಮಗು 52ರಲ್ಲಿ 27 ಕಳೆದು 35 ಅಂತ ಬರೆದಿದೆ ಅಂದುಕೊಳ್ಳಿ. 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ ಅದು 7ರಲ್ಲಿ 2 ಕಳೆದಿದೆ. ದಡ್ಡತನ ಅಲ್ಲ, ಅದರದ್ದೇ ಒಂದು ಲೆಕ್ಕಾಚಾರ. 'ಹೇಗೆ ಮಾಡಿದೆ, ಹೇಳು ನೋಡೋಣ' ಅಂತ ಪಕ್ಕ ಕೂತು ಕೇಳಿದರೆ ತಪ್ಪು ಎಲ್ಲಾಯಿತು ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. 40 ನಿಮಿಷದ ಪೀರಿಯಡ್‌ನಲ್ಲಿ 50 ಮಕ್ಕಳಿದ್ದರೆ ಆ ಎರಡು ನಿಮಿಷ ಎಲ್ಲಿಂದ ತರಬೇಕು? ಕೆಂಪು ಗೆರೆ ಎಳೆದು ಪುಸ್ತಕ ವಾಪಸ್ ಕೊಡುತ್ತಾರೆ. ಮಗು ಅದೇ ತಪ್ಪಿನ ಜೊತೆ ಮುಂದಿನ ತರಗತಿಗೆ ಹೋಗುತ್ತದೆ. ಇದಕ್ಕೆ ಶಿಕ್ಷಕರನ್ನು ಬೈಯುವುದು ಅನ್ಯಾಯ.

1996ರಲ್ಲಿ ಕ್ಯಾಲಿಫೋರ್ನಿಯಾ ಅವಸರ ಮಾಡಿತು. ಚಿಕ್ಕ ಮಕ್ಕಳ ತರಗತಿಗಳನ್ನು ಸುಮಾರು 30ರಿಂದ 20ಕ್ಕೆ ಇಳಿಸಲು ಶಾಲೆಗಳಿಗೆ ಹಣ ಕೊಟ್ಟಿತು. ಸಾವಿರಾರು ಶಿಕ್ಷಕರು ಒಮ್ಮೆಲೇ ಬೇಕಾದರು. ಪೂರ್ತಿ ತರಬೇತಿ ಆಗದವರನ್ನೂ ನೇಮಿಸಿಕೊಂಡರು. ಅನುಕೂಲಸ್ಥ ಶಾಲೆಗಳಲ್ಲಿ ಹುದ್ದೆ ಖಾಲಿ ಇದ್ದದ್ದು ಕಂಡು, ಬಡ ಮಕ್ಕಳ ಶಾಲೆಗಳ ಅನುಭವಿಗಳು ಅಲ್ಲಿಗೆ ಹೋದರು. ಕೊನೆಗೆ, ಕಲಿಕೆ ಸುಧಾರಿಸಿದ್ದು ಸಣ್ಣ ತರಗತಿಯಿಂದಲೇ ಅಂತ ಖಚಿತವಾಗಿ ತೋರಿಸಲು ಆಗಲಿಲ್ಲ. ಯಾರಿಗಾಗಿ ಯೋಜನೆ ಮಾಡಿದರೋ ಅವರ ಶಿಕ್ಷಕರೇ ಹೊರಟುಹೋದರು ಅನ್ನುವುದು ನನಗೆ ಇವತ್ತಿಗೂ ನೋವಿನ ವಿಷಯ.

ಇನ್ನೊಂದು ವಿಷಯ. 'ಒಬ್ಬ ಶಿಕ್ಷಕರಿಗೆ 30 ಮಕ್ಕಳು' ಅನ್ನುವ ಅಂಕಿ ನೋಡಿ ಸಮಾಧಾನ ಪಡಬೇಡಿ. 60 ಮಕ್ಕಳು, ಇಬ್ಬರು ಶಿಕ್ಷಕರು ಇರುವ ಶಾಲೆಯಲ್ಲೂ ಲೆಕ್ಕ ಸರಿಯಾಗೇ ಇರುತ್ತದೆ. ಆದರೆ 1ರಿಂದ 5ರವರೆಗಿನ ಐದೂ ತರಗತಿಗಳನ್ನು ಆ ಇಬ್ಬರೇ ನೋಡಿಕೊಳ್ಳಬೇಕಲ್ವಾ?

ಹಣ ಕಡಿಮೆ ಇದ್ದರೆ ಎಲ್ಲ ತರಗತಿಗೂ ಹಂಚುವುದು ಬೇಡ. 1ರಿಂದ 3ನೇ ತರಗತಿಗೆ, ಅದೂ ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಮೊದಲು ಕೊಡಿ. ಅಲ್ಲಿರುವ ಅನುಭವಿ ಶಿಕ್ಷಕರು ಅಲ್ಲೇ ಉಳಿಯುವ ಹಾಗೆ ಸಂಬಳ, ಸೌಲಭ್ಯವನ್ನೂ ಅದೇ ಆದೇಶದಲ್ಲಿ ಸೇರಿಸಿ.